ಭಾವನ ರಿಸೀವರ್‌ಗೆ ವಿಭೂತಿ

ನಮ್ಮ ಭಾವನಿಗೆ ಯಾವ ವಸ್ತುವೂ ಕೆಲಸಕ್ಕೆ ಬರಬೇಕೆಂದಿಲ್ಲ, ಬಂದವರ ಕಣ್ಣಿಗೆ ಬಿದ್ದರೆ ಸಾಕು. ತಿರುಮಣಿ ಊರಿನ ಅವರ ಮನೆಗೆ ಹೋಮ್ ಥಿಯೇಟರ್ ಬಂದದ್ದೂ ಹಾಗೆಯೇ. ನಾಲ್ಕು ಮೂಲೆಗೂ ಎದೆಯೆತ್ತರದ ಸ್ಪೀಕರ್, ಟಿವಿಯ ಕೆಳಗೆ ಆ ಸ್ಪೀಕರುಗಳಿಗೆ ದನಿ ಹಂಚುವ, ಮಿರಮಿರ ಮಿಂಚುವ ರಿಸೀವರ್ ಡಬ್ಬ. ಸ್ಪೀಕರುಗಳ ಪ್ಲಾಸ್ಟಿಕ್ ಕವರು ಮಾತ್ರ ಇನ್ನೂ ಬಿಚ್ಚಿರಲಿಲ್ಲ, ಧೂಳು ಕೂರುತ್ತದಂತೆ.

ಅಕ್ಕನ ಅತ್ತೆಗೆ ಇದಾವುದೂ ಬೇಕಿರಲಿಲ್ಲ. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಗೃಹಪ್ರವೇಶದ ವಿಡಿಯೋ ಡಿಸ್ಕಿನಲ್ಲಿ ಅವರು ಒಂದೇ ಒಂದು ಕಡೆ ಮಾತಾಡಿದ್ದಾರೆ. ಆ ದನಿಯನ್ನು ಇನ್ನೊಮ್ಮೆ ಕೇಳಬೇಕೆಂದು ಆಕೆ ಕಾಯುತ್ತಿದ್ದರು. ಡಿಸ್ಕ್ ಹಾಕಿದರೆ ಪರದೆ ಕಪ್ಪು. ಮಧುಗಿರಿಯಲ್ಲಿ ಟಿವಿ ಜೋಡಿಸುವುದೇ ನನ್ನ ಕಸುಬಾದ್ದರಿಂದ ಭಾವ ನನಗೆ ಫೋನ್ ಮಾಡಿದರು.

"ಪ್ಲೇಯರ್ ವೈರನ್ನ ಸೀದಾ ಟಿವಿಗೇ ಹಾಕ್ಬುಡ್ತೀನಿ ಅಂತ ಮಾತ್ರ ಹೇಳ್ಬೇಡ. ಆ ಸ್ಪೀಕರ್‌ನಾಗೇ ಬರ್ಬೇಕು," ಅಂದರು, ನಾನು ಚಪ್ಪಲಿ ಬಿಡುವ ಮೊದಲೇ.

ರಿಸೀವರನ್ನು ಎಳೆದು ತಿರುಗಿಸಿದೆ. ಬೆನ್ನಿನ ಉದ್ದಕ್ಕೂ ಮೂರು ಬೆರಳಿನ ವಿಭೂತಿ. ವೈರು ಸಿಕ್ಕಿಸುವ ತೂತುಗಳಲ್ಲೆಲ್ಲ ಒಣಗಿ ಗಟ್ಟಿಯಾಗಿತ್ತು.

"ಆಯುಧ ಪೂಜೆಗೆ ಬಳ್ದಿದ್ದು ಕಣ್ಲಾ. ಮುಂದ್ಗಡೆ ಬಳಿದ್ರೆ ಶೈನಿಂಗ್ ಹೋಗ್ತದಲ್ಲಾ," ಅಂದರು, ಚೂರೂ ನಾಚಿಕೆಯಿಲ್ಲದೆ.

ದೇವರಿಗೂ ಬೆನ್ನು ತೋರಿಸಿದ ಮನುಷ್ಯ. ಕರೆಂಟ್ ತೆಗೆದು, ಒಣ ಬ್ರಷ್ಷಿನಲ್ಲಿ ಒಂದು ಗಂಟೆ ತಿಕ್ಕಿದೆ. ಪ್ಲೇಯರನ್ನೂ ಡಿಶ್ ಬಾಕ್ಸನ್ನೂ ರಿಸೀವರ್‌ಗೆ ಸಿಕ್ಕಿಸಿ, ಅಲ್ಲಿಂದ ಒಂದೇ ವೈರನ್ನು ಟಿವಿಗೆ ಎಳೆದೆ. ಸ್ಪೀಕರುಗಳ ಕವರನ್ನು ನಾನೇ ಕಿತ್ತೆಸೆದೆ. ಅಷ್ಟು ಹೊತ್ತೂ ಭಾವ ಪಕ್ಕದಲ್ಲಿ ನಿಂತು, ಇದೆಲ್ಲ ತನಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಈ ಡಬ್ಬದ ತಾಕತ್ತು ಏನೆಂದು ಇವತ್ತು ಇವರಿಗೆ ತೋರಿಸಿಯೇ ಹೋಗುತ್ತೇನೆ ಅಂದುಕೊಂಡೆ.

ಚಿತ್ರ ಬಂತು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತರು. ನಾನು ರಿಮೋಟ್ ಹಿಡಿದು ವಾಲ್ಯೂಮನ್ನು ಪೂರ್ತಿ ಏರಿಸಿದೆ. ಹೊಸಿಲಲ್ಲಿ ನಿಂತ ಮಾವನವರು, "ಬರ್ರಪ್ಪಾ, ಊಟ ಮಾಡ್ಕೊಂಡೇ ಹೋಗ್ಬೇಕು," ಅಂದರು. ನಾಲ್ಕೂ ಮೂಲೆಯಿಂದ ಮನೆ ಗುಡುಗಿತು. ಭಾವ ಬೆಚ್ಚಿ ಹಿಂದೆ ಸರಿದದ್ದು ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅತ್ತೆ ಎದ್ದು ನಿಂತಿದ್ದರು.

"ಅವ್ರಲ್ಲ ಬುಡಪ್ಪ ಇದು. ಅವ್ರು ಯಾವತ್ತೂ ಇಂಗೆ ಕೂಗ್ದೋರಲ್ಲ," ಅಂದವರೇ ಅಡುಗೆಮನೆಗೆ ನಡೆದರು.

ದನಿ ತಗ್ಗಿಸಿ ಮತ್ತೆ ಹಾಕ್ತೀನಿ, ಬನ್ನಿ ಅಂತ ಎರಡು ಸಲ ಕರೆದೆ. ಅವರು ಬರಲಿಲ್ಲ. ಭಾವನನ್ನು ಬಯ್ಯೋಣವೆಂದು ತಿರುಗಿದೆ. ರಿಮೋಟ್ ನನ್ನ ಕೈಯಲ್ಲಿತ್ತು.