ಒಂದೇ ಪೆಟ್ಟಿಗೆಯ ಜೋಡಿ

ಅಫಜಲಪುರದಲ್ಲಿ ನಮ್ಮ ಓಣಿಯ ಕೊನೆಯ ಮನೆ ಶಮಶಾದಳದು. ನಾಲ್ಕನೆಯ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಪಾಠ ಬಾರದಿದ್ದರೆ ನಾನು ಕೇಳುವ ಮೊದಲೇ ಎದ್ದು ನಿಂತು "ಬಂದಿಲ್ರಿ ಸರ್" ಎನ್ನುತ್ತಿದ್ದಳು. ಈಗ ಬಟ್ಟೆ ಹೊಲಿಯುತ್ತಾಳೆ. ಜೊತೆಗೆ ಪಡಸಾಲೆಯಲ್ಲಿ ಕಾಕಟೀಲ್ ಹಕ್ಕಿಗಳನ್ನು ಸಾಕಿ ಮರಿ ಮಾಡಿಸುತ್ತಾಳೆ. ತಲೆಯ ಮೇಲೆ ಜುಟ್ಟು, ಕೆನ್ನೆಗೆ ಕೇಸರಿ ಬೊಟ್ಟು, ಬಲು ಚೆಂದದ ಹಕ್ಕಿ. ಪ್ರತಿ ಜೋಡಿಗೂ ಗೂಡಿನಂತೆ ಒಂದು ಕಟ್ಟಿಗೆಯ ಪೆಟ್ಟಿಗೆ. ಹಗಲು ಗಂಡು, ರಾತ್ರಿ ಹೆಣ್ಣು ಕಾವು ಕೂಡುತ್ತವೆ.

"ನಮ್ಮನಿ ಗಂಡಸರಿಗಿಂತ ಇವೇ ಪಾಡು ನೋಡ್ರಿ ಸರ್" ಎಂದು ನಗುತ್ತಿದ್ದಳು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನೆಲೋಗಿಯಿಂದ ನನ್ನ ತಂಗಿಯ ಸೊಸೆ ಜಯಮಾಲಾ ಹಕ್ಕಿಗಾಗಿ ಬಂದಳು. "ಸುಳ್ಳು ಹೇಳುವ ಹುಡುಗಿಯಲ್ಲ" ಎಂದು ನಾನೇ ಶಮಶಾದಳಿಗೆ ಮೊದಲೇ ಹೇಳಿಟ್ಟು, ಅವಳ ಮನೆಗೆ ಕರೆದೊಯ್ದೆ. ಒಂದು ಗಂಡು, ಒಂದು ಹೆಣ್ಣು ಪಂಜರ ಸೇರಿದವು.

"ನಮ್ಮೊಳಗ ಹೆಣ್ಣು ಕೊಡೋ ಮುಂದ ಬೆಡಗ, ಗೋತ್ರ ಕೇಳ್ತೇವಿ ನೋಡು. ಒಂದ ಬೆಡಗಿನವರು ಅಣ್ಣ-ತಂಗಿ ಇದ್ದಂಗ. ಇವುಗಳ ಬೆಡಗ ಬ್ಯಾರೆ ಅದಾವಿಲ್ಲ?" ಎಂದಳು ಜಯಮಾಲಾ.

"ಬ್ಯಾರೇನ ಅದಾವ್ರಿ ಅಕ್ಕಾ. ಬೀಗರಾಗಾಕ ಏನೂ ಅಡ್ಡಿಲ್ಲ."

ಮೂವರೂ ನಕ್ಕೆವು.

ಈ ವರ್ಷ ಜಯಮಾಲಾ ಅದೇ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಇಬ್ಬರೂ ಶಮಶಾದಳ ಮನೆಗೆ ಹೋದೆವು.

"ಐದು ತತ್ತಿ ಇಟ್ಟಿತ್ತು. ಮೂರು ಒಡೀಲೇ ಇಲ್ಲ. ಎರಡು ಮರಿ ಆದ್ವು, ಕಾಲು ಸೊಟ್ಟ. ವಾರದಾಗ ಹೋದ್ವು. ನನ್ನ ಕೈಗುಣಾನ ಕೆಟ್ಟದ್ದು ಕಾಣ್ತದ. ನಿನ್ನ ಹಕ್ಕಿ ನೀನ ಇಟ್ಗೋ, ಶಮಶಾದ. ತಪ್ಪಾತು."

ಶಮಶಾದಳ ಹೊಲಿಗೆ ಯಂತ್ರ ನಿಂತಿತು. ನಾನು ಸುಮ್ಮನಿರಬೇಕಿತ್ತು, ಹಳೆಯ ಚಾಳಿ ಬಿಡಲಿಲ್ಲ. "ಪೆಟ್ಟಿಗಿ ತೆಗದು ತೆಗದು ನೋಡಿರಬೇಕು ನೀನು" ಎಂದು ಜಯಮಾಲಾಳನ್ನೇ ಗದರಿದೆ. ಅವಳು ತಲೆ ತಗ್ಗಿಸಿದಳು.

ಆಗ ಶಮಶಾದ ಎದ್ದು ನಿಂತಳು.

"ಅಕ್ಕಾ, ನಿಮ್ಮ ಕೈದಲ್ರಿ ತಪ್ಪು. ಅವೆರಡೂ ಒಂದ ಪೆಟ್ಟಿಗಿ ಮರಿ. ಅಣ್ಣ-ತಂಗಿ. ನಿಮಗಂತ ಇಟ್ಟಿದ್ದ ಗಂಡು ಹಿಂದಿನ ದಿನಾನ ಬಿಸಿಲಿಗೆ ಸತ್ತಿತ್ತು. ಅಷ್ಟು ದೂರದಿಂದ ಬಂದೀರಿ, ಸರ್ ಬ್ಯಾರೆ ಕರ್ಕೊಂಡು ಬಂದಾರ, ಬರಿಗೈಲೆ ಹ್ಯಾಂಗ ಕಳಿಸ್ಲಿ ಅಂತ..."

"ನಾ ಬೆಡಗ ಕೇಳಿದ್ನಲ್ಲಬೇ!" ಜಯಮಾಲಾಳ ದನಿ ಏರಿತು. "ನಕ್ಕೋತ ಕೇಳಿದೆ, ಖರೆ. ಆದ್ರ ಕೇಳಿದ್ದೆ."

"ಹೌದ್ರಿ. ಕೇಳಿದ್ರಿ."

ಬೇಕಾದ ಜೋಡಿ ಆರಿಸಿಕೊಳ್ಳಿರೆಂದು ಶಮಶಾದ ಬೇಡಿಕೊಂಡಳು. ಜಯಮಾಲಾ ಒಪ್ಪಲಿಲ್ಲ. ಹಕ್ಕಿಗಳನ್ನು ಬಿಟ್ಟು, ಬರಿಯ ಪಂಜರ ಹಿಡಿದು ಹೊಸ್ತಿಲ ಬಳಿ ತಿರುಗಿದಳು.

"ಆ ಮರಿ ಮಣ್ಣು ಮಾಡೋ ಮುಂದ, ನನ್ನಿಂದ ತಪ್ಪಾತು ಅಂತ ಅವಕ್ಕ ಕೈ ಮುಗದಿದ್ದೆ."

ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದೆ. ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ; ಬಸ್ಸು ಬಂದುಬಿಟ್ಟಿತು.

ಈಗ ಹಕ್ಕಿ ಕೇಳಿ ಬಂದವರಿಗೆ, ಅವರು ಕೂಡುವ ಮೊದಲೇ, ಯಾವ ಮರಿ ಯಾವ ಪೆಟ್ಟಿಗೆಯದೆಂದು ಶಮಶಾದ ಹೇಳಿಬಿಡುತ್ತಾಳೆ. ಆ ಎರಡನ್ನು ಮಾತ್ರ ಮಾರಿಲ್ಲ. ಪಡಸಾಲೆಯ ಎರಡು ತುದಿಗೆ ಬೇರೆ ಬೇರೆ ಪಂಜರಗಳಲ್ಲಿ ಇಟ್ಟಿದ್ದಾಳೆ. ಗಂಡು ಸಿಳ್ಳೆ ಹಾಕಿದಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲುತ್ತದೆ. ಆ ತುದಿಯಿಂದ ಹೆಣ್ಣು ಉತ್ತರ ಕೊಡುವವರೆಗೆ ಅವಳು ತಲೆ ಎತ್ತುವುದಿಲ್ಲ.