ಮಗಳ ವೀಸಾಕ್ಕೆ ಬೇಕಾಗಿದ್ದ ಒಂದು ಸಹಿ

ಹೊಸೂರಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರನನ್ನು ನಂಬಿ ಬದುಕುವ ನಿಮ್ಮೆಲ್ಲರಿಗೂ ಕೆಲಮಂಗಲದ ಸುಜಾತಳ ನಮಸ್ಕಾರ. ನನಗೆ ಬರೆದು ರೂಢಿಯಿರುವುದು ರೋಗಿಗಳ ಕೇಸ್ ಶೀಟ್ ಮಾತ್ರ. ಆದರೂ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ.

ಹೊಸೂರಿನ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ನಾನು ನರ್ಸ್. ಡ್ಯೂಟಿ ಮುಗಿಸಿಕೊಂಡು ಎರಡು ವರ್ಷ ಜರ್ಮನ್ ಭಾಷೆ ಕಲಿತೆ. ಕಳೆದ ಆಷಾಢದಲ್ಲಿ ಜರ್ಮನಿಯ ಒಂದು ಆಸ್ಪತ್ರೆಯಿಂದ ಕೆಲಸದ ಪತ್ರ ಬಂತು. ನನ್ನ ವೀಸಾಕ್ಕೆ ಬೇಕಾದ ಕಾಗದಗಳೆಲ್ಲ ಸರಿಯಿದ್ದವು. ತೊಡಕಾದದ್ದು ಮಗಳು ಚಂದನಳ ವೀಸಾ. ಅವಳಿಗೆ ಹದಿನಾರು ತುಂಬಲು ಐದೇ ವಾರ ಉಳಿದಿತ್ತು. ಅಷ್ಟರೊಳಗೆ ನನ್ನ ಜೊತೆಗೇ ಅರ್ಜಿ ಕೊಡಬೇಕು, ಅದರಲ್ಲಿ ತಂದೆಯ ಒಪ್ಪಿಗೆಯ ಸಹಿ ಇರಬೇಕು.

ಅವಳ ತಂದೆ ಶ್ರೀನಿವಾಸ ನಮ್ಮನ್ನು ಬಿಟ್ಟುಹೋಗಿ ಹನ್ನೊಂದು ವರ್ಷವಾಗಿತ್ತು. ಎಲ್ಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಹುಡುಕಿಯೂ ಇರಲಿಲ್ಲ.

ವಕೀಲರು, ಮಗಳ ಹೊಣೆ ನನ್ನೊಬ್ಬಳದೇ ಎಂದು ಕೋರ್ಟಿನಿಂದ ಆದೇಶ ತರಲು ವರ್ಷವಾದರೂ ಬೇಕು ಎಂದರು. ಬಾಗಲೂರು ರಸ್ತೆಯ ಏಜೆಂಟ್ ಒಬ್ಬರ ಮುಂದೆ ಕೂತು ಬೇರೆ ದಾರಿಗಳನ್ನು ಕೇಳಿದೆ. ನಾನೊಬ್ಬಳೇ ಮೊದಲು ಹೋಗಿ ಆಮೇಲೆ ಕರೆಸಿಕೊಳ್ಳಬಹುದೇ? ಹದಿನಾರು ದಾಟಿದರೆ ಅವಳೂ ಜರ್ಮನ್ ಭಾಷೆಯ ಕಠಿಣ ಪರೀಕ್ಷೆ ಪಾಸಾಗಬೇಕು. ಸ್ಟೂಡೆಂಟ್ ವೀಸಾ? ಅದಕ್ಕೆ ಪಿಯುಸಿ ಮುಗಿದು ಇನ್ನೂ ಏನೇನೋ ಆಗಬೇಕು. ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋದರೆ ಮೂರು ತಿಂಗಳಿಗೆ ವಾಪಸ್ ಕಳಿಸಬೇಕು.

ಕೊನೆಗೆ ಆತ ಕುರ್ಚಿ ಹತ್ತಿರ ಎಳೆದುಕೊಂಡು, "ಒಂದ್ ಕೆಲ್ಸ ಮಾಡ್ಬುಡಿ ಮೇಡಂ. ಅಪ್ಪ ಸತ್ತೋದ ಅಂತ ಪೇಪರ್ ರೆಡಿ ಮಾಡಿಸ್ಬುಡಣ. ಒಣ್ಣೂ ಪ್ರಾಬ್ಲಂ ಇಲ್ಲೆ, ಏನೂ ಆಗಲ್ಲ. ಸೋಮವಾರದೊಳಗೆ ಹೇಳ್ಬುಡಿ," ಎಂದ.

ನಾನು ಬೇಡ ಅನ್ನಲಿಲ್ಲ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. "ಯೋಚ್ನೆ ಮಾಡಿ ಹೇಳ್ತೀನಿ," ಎಂದು ಎದ್ದು ಬಂದೆ. ಆ ವಾರ ಒಂದು ದಿನ ಡಯಾಲಿಸಿಸ್ ಯಂತ್ರ ಕೂಗುತ್ತಿದ್ದರೂ ಕೇಳಿಸದೆ ನಿಂತಿದ್ದೆನೆಂದು ಸಿಸ್ಟರ್ ಇನ್‌ಚಾರ್ಜ್ ಬೈದರು. ಚಂದನಳಿಗೆ ವಿಷಯ ತಿಳಿದಾಗ ಅವಳು ಕೇಳಿದ್ದು ಒಂದೇ ಮಾತು. "ಬದ್ಕಿರೋರ್‌ನ ಸತ್ತೋದ್ರು ಅಂತ ಬರ್ದ್ರೆ ಅವ್ರಿಗೆ ಏನೂ ಆಗಲ್ವಾಮ್ಮ?"

ಸೋಮವಾರ ಬೆಳಗ್ಗೆ ಬೆಟ್ಟ ಹತ್ತಿದೆ. ವೀಸಾ ಕೊಡು ಎಂದು ಬೇಡಿಕೊಳ್ಳಲು ಬಾಯಿ ಬರಲಿಲ್ಲ. "ಸ್ವಾಮಿ, ಸಂಜೆ ಆ ಏಜೆಂಟಿಗೆ ನಾನು ಹೂಂ ಅನ್ನದ ಹಾಗೆ ಏನಾದರೂ ಮಾಡು," ಎಂದು ಕಣ್ಣು ಮುಚ್ಚಿದೆ. ಮಂಗಳಾರತಿ ತೆಗೆದುಕೊಂಡು ಪ್ರಾಕಾರದಲ್ಲಿ ಕೂತಿದ್ದಾಗ ಪಕ್ಕದ ಮುದುಕಿಯೊಬ್ಬರು ಹೂ ಕೊಡುತ್ತಾ, "ಗಂಡನ್ ಮನೆ ಯಾವೂರಮ್ಮ?" ಎಂದರು.

"ಉದ್ದನಪಲ್ಲಿ," ಎಂದೆ. ನನ್ನ ಅತ್ತೆ ಈಗಲೂ ಇರುವ ಊರು. ಅತ್ತೆಯನ್ನು ಕೇಳಬಹುದೆಂದು ಇಷ್ಟು ದಿನ ಹೊಳೆದೇ ಇರಲಿಲ್ಲವೇ? ಹೊಳೆದಿತ್ತು. ಆ ಹೊಸ್ತಿಲು ಮತ್ತೆ ತುಳಿಯಲು ನನ್ನ ಸಿಟ್ಟು ಬಿಟ್ಟಿರಲಿಲ್ಲ. ಮೆಟ್ಟಿಲಿಳಿದು ನೇರ ಬಸ್ ಸ್ಟ್ಯಾಂಡಿಗೆ ಹೋದೆ. ಉದ್ದನಪಲ್ಲಿಯ ಮೇಲೆ ಹೋಗುವ ರಾಯಕೋಟೆಯ ಬಸ್ಸು ಹೊರಡುತ್ತಿತ್ತು, ಓಡಿ ಹತ್ತಿದೆ.

ಅತ್ತೆ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಕಣ್ಣಿನ ಆಪರೇಷನ್ ಆಗಿತ್ತು. ನನ್ನ ದನಿ ಕೇಳಿದ್ದೇ ಕೈ ಹಿಡಿದುಕೊಂಡು, "ಸುಜಾತನಾ? ಬಾಮ್ಮ, ಒಳಿಕ್ ಬಾ. ಅವ್ನೂ ಅವ್ನೆ," ಎಂದರು.

ಒಳಗೆ ಶ್ರೀನಿವಾಸ ಕೂತಿದ್ದರು. ಆಂಧ್ರದ ಯಾವುದೋ ಗ್ರಾನೈಟ್ ಕ್ವಾರಿಯಲ್ಲಿದ್ದ ಮನುಷ್ಯ, ತಾಯಿಯ ಕಣ್ಣಿನ ಆಪರೇಷನ್ ಎಂದು ಎರಡು ದಿನದ ಮಟ್ಟಿಗೆ ಬಂದಿದ್ದರು. ಮರುದಿನ ಮತ್ತೆ ಹೊರಡುವವರು. ನಾನು ಒಂದು ದಿನ ತಡೆದಿದ್ದರೆ?

ವಿಷಯ ಹೇಳಿದೆ. ಅವರು ತಲೆ ಎತ್ತಲಿಲ್ಲ. "ನನ್ ಮಗ್ಳನ್ನ ನನ್ ಕಣ್ಗೇ ಕಾಣ್ದಂಗೆ ದೂರ ಕರ್ಕೊಂಡೋಗ್ತೀಯ. ಅದ್ಕೆ ನಾನೇ ಸೈನ್ ಹಾಕ್ಬೇಕಾ? ಆಗಲ್ಲ," ಎಂದರು.

ನಾನು ಎದ್ದುಬಿಟ್ಟೆ. ಆಗ ಅತ್ತೆ ಗೋಡೆ ಹಿಡಿದು ಬಾಗಿಲಿಗೆ ಬಂದರು. "ಹನ್ನೊಂದ್ ವರ್ಸದಾಗೆ ಯಾವತ್ತ್ ಕಂಡಿದ್ಯಲಾ ಆ ಮಗೀನ? ಸಾಕಿದ್ದು ಇವ್ಳು ಕಣ್ಲಾ. ಸೈನ್ ಹಾಕ್ದೆ ಹೋದ್ರೆ ನಾನ್ ಸತ್ರೂ ಈ ಮನೇಗ್ ಬರ್ಬೇಡ."

ಕೊನೆಗೆ ಶ್ರೀನಿವಾಸ, "ನಾಳೆ ಹತ್ತಕ್ಕೆ ಕೃಷ್ಣಗಿರಿ ನೋಟರಿ ಹತ್ರ ಬತ್ತೀನಿ, ಹೋಗು," ಎಂದರು. ಸಂಜೆ ಏಜೆಂಟಿಗೆ ಫೋನ್ ಮಾಡಿ ಬೇಡ ಎಂದೆ. ಕೈಯಲ್ಲಿ ಸಹಿ ಇರಲಿಲ್ಲ, ಆದರೂ ಹೇಳಿಬಿಟ್ಟೆ.

ಮರುದಿನ ಚಂದನ ಸ್ಕೂಲ್ ಯೂನಿಫಾರಂನಲ್ಲೇ ನನ್ನ ಜೊತೆ ನೋಟರಿ ಆಫೀಸಿನ ಬೆಂಚಿನ ಮೇಲೆ ಕೂತಳು. ಹತ್ತಾಯಿತು. ಹನ್ನೊಂದೂವರೆಯಾಯಿತು. ಫೋನ್ ಸ್ವಿಚ್ ಆಫ್. ಹನ್ನೆರಡೂ ಮುಕ್ಕಾಲಿಗೆ ನೋಟರಿ, "ಸಾಪ್ಪಾಟ್ ಟೈಮಾಯ್ತಮ್ಮ, ಊಟಕ್ಕೋಗ್ಬೇಕು, ಅವ್ರು ಬತ್ತಾರಾ ಇಲ್ವಾ?" ಎಂದು ಎದ್ದರು. ಸೀರೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಶಿವಶಿವಾ ಎನ್ನುತ್ತಿದ್ದೆ. ಚಂದನ ಬಾಗಿಲನ್ನೇ ನೋಡುತ್ತಿದ್ದಳು. ನೋಡಿದರೂ ತಂದೆಯ ಗುರುತು ಅವಳಿಗೆ ಸಿಗುವಂತಿರಲಿಲ್ಲ.

ಬಾಗಿಲಲ್ಲಿ ಮೊದಲು ಕಂಡದ್ದು ಕಪ್ಪು ಕನ್ನಡಕ. ಕಣ್ಣಿಗೆ ಧೂಳು ಬೀಳಬಾರದೆಂದು ಡಾಕ್ಟರ್ ಹೇಳಿದ್ದರೂ ಅತ್ತೆ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಹಿಂದೆ, ಮಗ. "ಬೆಳಗ್ಗೆ ಆಂಧ್ರ ಬಸ್ ಹತ್ತಕ್ ನಿಂತಿದ್ದ. ನಾನೇ ಎಳ್ಕೊಂಬಂದೆ," ಎಂದರು.

ಶ್ರೀನಿವಾಸ ಸಹಿ ಹಾಕಿದರು. ಪೆನ್ನು ಕೆಳಗಿಟ್ಟು ಮಗಳ ಕಡೆ ನೋಡದೆ, "ಅಲ್ಲಿ ಚಳಿ ಜಾಸ್ತಿ ಅಂತಲ್ಲ?" ಎಂದರು.

"ಹೂಂ. ಸ್ವೆಟರ್ ತಗೊಂಡಿದೀನಪ್ಪಾ," ಎಂದಳು ಚಂದನ. ಅವರು ಮುಖ ಒರೆಸಿಕೊಂಡು ಹೊರಗೆ ನಡೆದರು.

ಚಂದನಳ ಹುಟ್ಟಿದ ದಿನಕ್ಕೆ ಹನ್ನೆರಡು ದಿನ ಮೊದಲು ವೀಸಾ ಕೇಂದ್ರದಲ್ಲಿ ಇಬ್ಬರ ಅರ್ಜಿಯೂ ಒಟ್ಟಿಗೆ ಸೇರಿತು. ಎರಡು ತಿಂಗಳು ಪ್ರತಿ ಫೋನಿಗೂ ಓಡಿ ಹೋಗುತ್ತಿದ್ದೆ. ಕಾರ್ತಿಕದಲ್ಲಿ ಎರಡು ಪಾಸ್‌ಪೋರ್ಟೂ ವೀಸಾದೊಂದಿಗೆ ಬಂದವು.

ನನಗೆ ಸ್ವಾಮಿ ಸುಮ್ಮನೆ ವೀಸಾ ಕೊಡಲಿಲ್ಲ. ಮೊದಲು ಸುಳ್ಳಿನಿಂದ ಬಿಡಿಸಿದ, ಆಮೇಲೆ ಸಿಟ್ಟಿನಿಂದ. ಹೊರಡುವ ಮುಂಚೆ ಅತ್ತೆಯ ಕೈ ಹಿಡಿದು ಬೆಟ್ಟ ಹತ್ತಿಸಿದೆ. ಅರ್ಚಕರು ಅರ್ಚನೆಗೆ ಹೆಸರು ಕೇಳಿದಾಗ ನಾಲ್ಕು ಹೆಸರು ಹೇಳಿದೆ: ಅತ್ತೆಯದು, ಚಂದನಳದು, ನನ್ನದು, ಶ್ರೀನಿವಾಸ ಅವರದು.