ಕೂಸಿನ ಗಂಟಲಿಗೆ ಶ್ರುತಿ

ಸಿಪೋರಾ ಟೀಚರ್ ಹುಬ್ಬಳ್ಳಿಯವಳು, ರೈಲ್ವೆ ವರ್ಕ್‌ಶಾಪಿನ ಫಿಟ್ಟರನ ಮಗಳು. ಬೆನೆ ಇಸ್ರೇಲ್ ಯೆಹೂದಿ ಮನೆತನ. ಅವಲಕ್ಕಿಗೆ ಬೆಲ್ಲ, ಕೊಬ್ಬರಿ ಕಲಸಿ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹರಕೆ ತೀರಿಸುವ ಜನ. ಅಬುಧಾಬಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತ ಹದಿನೆಂಟು ವರ್ಷ ಕಳೆದಿದ್ದಳು. ದುಬೈ, ಅಬುಧಾಬಿಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಯೆಹೂದಿ ಮನೆಗಳ ಮಕ್ಕಳನ್ನು ಶುಕ್ರವಾರ ಬೆಳಿಗ್ಗೆ ಹಮ್ದಾನ್ ಸ್ಟ್ರೀಟಿನ ತನ್ನ ಫ್ಲ್ಯಾಟಿನಲ್ಲಿ ಕೂಡಿಸಿ ಹಬ್ಬದ ಹಾಡು ಕಲಿಸುತ್ತಿದ್ದಳು.

ಕಲಿಸುವುದರಲ್ಲಿ ಎತ್ತಿದ ಕೈ. ಆದರೆ ಇನ್ನೊಬ್ಬರು ತಪ್ಪಿದಾಗ ಸುಮ್ಮನಿರುವುದು ಮಾತ್ರ ಆಕೆಯ ಹಣೆಯಲ್ಲೇ ಬರೆದಿರಲಿಲ್ಲ. ಮಕ್ಕಳ ಮುಂದೆ ನಿಂತು ಹಾಡಿಸಲಿ ಎಂದು ಇಬ್ಬರು ಹುಡುಗಿಯರನ್ನು ತಯಾರು ಮಾಡಿದ್ದಳು. ಅವರು ಒಂದು ಸಾಲು ತಪ್ಪಿದರೆ ಸಾಕು, ನಡುವೆ ತಾನೇ ಬಾಯಿ ಹಾಕುತ್ತಿದ್ದಳು. ಇಬ್ಬರೂ ಬರುವುದನ್ನೇ ಬಿಟ್ಟರು.

2009ರಲ್ಲಿ ಆಕೆಗೆ ಅರವತ್ತು ತುಂಬಿತು. ಜೂನ್‌ಗೆ ವೀಸಾ ಖಲಾಸ್, ಊರಿಗೆ ಮರಳಲೇಬೇಕು. ಹಾಡಿಸಲು ಉಳಿದವಳು ತಂಗಿಯ ಮಗಳು ಹದಸ್ಸಾ ಒಬ್ಬಳೇ, ಎಲೆಕ್ಟ್ರಾ ಸ್ಟ್ರೀಟಿನ ಟಿಕೆಟ್ ಆಫೀಸಿನಲ್ಲಿ ಕೆಲಸ. ಅವಳೂ ಕೈಬಿಟ್ಟರೆ ಮಕ್ಕಳ ಹಾಡು ಅಲ್ಲಿಗೇ ನಿಲ್ಲುತ್ತಿತ್ತು.

"ನನ್ನ ಕೈಲೆ ಆಗಂಗಿಲ್ಲ ಮೌಶಿ, ದನಿ ನಡಗತೈತಿ," ಎಂದಳು ಹದಸ್ಸಾ.

"ನಡಗಲಿ ಬಿಡು. ಹಾಡ್ತಾ ಹಾಡ್ತಾ ರಾಗ. ಒಂದ್ ನೆನಪಿಟ್ಕೋ, ಶ್ರುತಿ ನಿನ್ನ ಗಂಟಲಿಗೆ ಹಿಡೀಬ್ಯಾಡ. ಕೂಸಿನ ಗಂಟಲಿಗೆ ಹಿಡಿ."

ಏಪ್ರಿಲ್‌ನಲ್ಲಿ ಪೆಸಾಹ್ ಬಂತು, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಹಬ್ಬ. ಅಂದು ಸಂಜೆ ಎಲ್ಲರಿಗಿಂತ ಚಿಕ್ಕ ಮಗು ನಾಲ್ಕು ಪ್ರಶ್ನೆಗಳನ್ನು ಹಾಡಿ ಕೇಳಬೇಕು. ಕೇಳಿದ ಮೇಲೆಯೇ ಹಿರಿಯರು ಕಥೆ ಹೇಳುವುದು, ಆಮೇಲೆ ಊಟ. ಆ ವರ್ಷ ಚಿಕ್ಕವಳು ಐದು ವರ್ಷದ ತಾಲಿಯಾ.

ಹದಸ್ಸಾ ಗಾಬರಿಯಲ್ಲಿ ಮೇಲಿನ ಶ್ರುತಿಯಲ್ಲೇ ಎತ್ತಿಕೊಟ್ಟಳು. ತಾಲಿಯಾ ಅರ್ಧ ಸಾಲು ಏರಿ ನಿಂತುಬಿಟ್ಟಳು. "ಇಟ್ಸ್ ಟೂ ಹೈ!" ಎಂದು ತುಟಿ ಉಬ್ಬಿಸಿದಳು.

ಮೇಜಿನ ಸುತ್ತ ಇಪ್ಪತ್ತು ಜನ. ಎಲ್ಲ ಮಕ್ಕಳೂ ಟೀಚರ್ ಕಡೆ ತಿರುಗಿದರು. ಸರಿಯಾದ ಸ್ವರ ಆಕೆಯ ನಾಲಿಗೆಯ ತುದಿಯಲ್ಲಿತ್ತು, ಬಾಯಿಯೂ ತೆರೆದಿತ್ತು. ಬಾಯಿಗೆ ತುರುಕಲು ಎದುರಿಗಿದ್ದ ಹಬ್ಬದ ರೊಟ್ಟಿಯೇ ಸಾಕಿತ್ತು, ಆದರೆ ಪ್ರಾರ್ಥನೆಗೆ ಮೊದಲು ಅದನ್ನು ಮುಟ್ಟುವಂತಿಲ್ಲ. ಸಿಪೋರಾ ಸೆರಗಿನ ತುದಿಯನ್ನೇ ಬಾಯಿಗೆ ತುರುಕಿಕೊಂಡು ತಲೆ ತಗ್ಗಿಸಿದಳು.

ಹದಸ್ಸಾ ಒಂದು ಕ್ಷಣ ಮೌಶಿಯತ್ತ ನೋಡಿದಳು. ನೆರವು ಬರಲಿಲ್ಲ. ಆಗ ತಾಲಿಯಾಳ ಕುರ್ಚಿಯ ಪಕ್ಕ ಮಂಡಿಯೂರಿ, ಇಂಗ್ಲಿಷಿನಲ್ಲಿ, "ತಪ್ಪು ನಂದೇ. ನೀನೇ ಒಂದು ಸಲ ಹೂಂ ಅಂತ ಗುನುಗು, ನಾನು ಅಲ್ಲಿಂದಲೇ ಶುರು ಮಾಡ್ತೀನಿ," ಎಂದಳು.

ಮಗು ಹೂಂ ಎಂದು ಗುನುಗಿತು. ಹದಸ್ಸಾ ಅದೇ ಸ್ವರ ಹಿಡಿದಳು. ಶ್ರುತಿಯನ್ನು ಕೂಸಿನಿಂದಲೇ ಕೇಳಿ ತೆಗೆದುಕೊಳ್ಳುವ ಉಪಾಯ ಹದಿನೆಂಟು ವರ್ಷದಲ್ಲಿ ಟೀಚರಿಗೂ ಹೊಳೆದಿರಲಿಲ್ಲ! ಮೂರು ಪ್ರಶ್ನೆ ಇಬ್ಬರೂ ಸೇರಿ ಹಾಡಿದರು. ನಾಲ್ಕನೆಯದಕ್ಕೆ ಹದಸ್ಸಾ ಮೆಲ್ಲಗೆ ತನ್ನ ದನಿ ನಿಲ್ಲಿಸಿದಳು. ತಾಲಿಯಾ ಒಬ್ಬಳೇ ಕೊನೆಯವರೆಗೂ ಹಾಡಿದಳು. ಈ ಸಲ ಒಂದು ಮಗುವೂ ಸಿಪೋರಾಳ ಕಡೆ ತಿರುಗಲಿಲ್ಲ. ಆಕೆಗೆ ಸ್ವಲ್ಪ ಚುರುಕ್ ಎಂದಿತು, ಅದಕ್ಕಿಂತ ಹೆಚ್ಚು ಎದೆ ಉಬ್ಬಿತು.

ಊಟಕ್ಕೆ ಬಡಿಸುವಾಗ ಹದಸ್ಸಾ ಹತ್ತಿರ ಬಂದಳು. "ಬರೋಬರಿ ಆತೇನ್ ಮೌಶಿ?"

"ನನ್ನ ಯಾಕ ಕೇಳ್ತಿ? ನಾಳಿಂದ ನೀ ಇನ್ನೊಬ್ಬಾಕಿಗೆ ಕಲಿಸಾಕ ಶುರು ಮಾಡು. ಆಕಿ ತಪ್ಪಿದಾಗ…" ಸಿಪೋರಾ ಒದ್ದೆಯಾದ ಸೆರಗಿನ ತುದಿ ಎತ್ತಿ ತೋರಿಸಿದಳು. "ನಿನ್ನ ದುಪಟ್ಟಾ ಬಾಯಾಗ ತುರುಕ್ಕೋ."